ನವೆಂಬರಿಗೆ ಇಟ್ಟ ಬಾಚಣಿಗೆ

ಹನ್ನೊಂದು ವರ್ಷ ಮಕ್ಕಳ ಪುಸ್ತಕಗಳ ಮೇಲೆ ಕೆಂಪು ಶಾಯಿ ಎಳೆದವಳು ನಾನು. ತಪ್ಪು ಕಂಡರೆ ತಿದ್ದದೆ ಇರಲಾರೆ. ರಾವೆನ್ಸ್‌ಬ್ರೂಕ್ ಎಂಬ ನಾಜಿಗಳ ಹೆಂಗಸರ ಸೆರೆಶಿಬಿರಕ್ಕೆ ತಂದು, ತಲೆ ಬೋಳಿಸಿ, ಹೆಸರಿನ ಬದಲು ನಂಬರು ಹೊಲಿಸಿದ ಮೇಲೂ ಆ ಚಾಳಿ ಹೋಗಲಿಲ್ಲ. ನನ್ನ ಮಗ್ಗುಲಲ್ಲೇ ಮಲಗುತ್ತಿದ್ದ ಒತಿಲಿಯಾ, "ಟೀಚರಮ್ಮ, ನನ್ನ ಗೊರಕೇಲೂ ತಪ್ಪು ಹುಡುಕ್ತೀಯೇನೇ?" ಎಂದು ರೇಗಿಸುತ್ತಿದ್ದಳು.

ಜುಲೈ ತಿಂಗಳ ಒಂದು ಬೆಳಿಗ್ಗೆ, ಹಾಜರಿಗೆ ಸಾಲು ನಿಲ್ಲುವ ಮುಂಚೆ, ಅವಳು ನನ್ನ ಅಂಗೈಗೆ ಏನನ್ನೋ ಒತ್ತಿದಳು. ಅಲ್ಯೂಮಿನಿಯಂ ಬಾಚಣಿಗೆ. ನಾವು ದುಡಿಯುತ್ತಿದ್ದ ಕಾರ್ಖಾನೆಯ ಚೂರೊಂದನ್ನು ಕದ್ದು, ಕಾವಲುಗಾರ್ತಿಯರ ಕಣ್ಣು ತಪ್ಪಿಸಿ ಮೂರು ವಾರ ಅರ ಹಾಕಿ ಹಲ್ಲು ಬಿಡಿಸಿದ್ದಳು. ಒಂದು ಕಡೆ 'ಎ' ಎಂದು ಕೆತ್ತಿದ್ದಳು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಕುತ್ತು.

"ಎಲ್ಜ್‌ಬೆತಾ, ಇವತ್ತು ನಿನ್ನ ಹೆಸರಿನ ಹಬ್ಬ ಅಲ್ವೇನೇ! ಕೂದ್ಲು ಎರಡು ಬೆರಳು ಬಂದಿದೆ, ಬಾಚ್ಕೋ."

ನಮ್ಮ ಪೋಲೆಂಡಿನಲ್ಲಿ ಹುಟ್ಟಿದ ದಿನಕ್ಕಿಂತ ನಮ್ಮ ಹೆಸರಿನ ಸಂತಳ ದಿನವೇ ದೊಡ್ಡದು. ಎಲ್ಜ್‌ಬೆತಾ ಎಂಬ ನನ್ನ ಹೆಸರಿನ ಸಂತರು ಇಬ್ಬರು: ಒಬ್ಬಳಿಗೆ ಜುಲೈಯಲ್ಲೊಂದು ದಿನ, ಇನ್ನೊಬ್ಬಳಿಗೆ ನವೆಂಬರಿನಲ್ಲೊಂದು.

"ನನ್ನದು ನವೆಂಬರಿನಲ್ಲಿ ಕಣೆ, ಇವತ್ತಲ್ಲ," ಎಂದುಬಿಟ್ಟೆ. ಹಾಳು ಬಾಯಿ ನನ್ನದು.

ಅವಳ ಮುಖ ಸಪ್ಪಗಾಯಿತು. ಆದರೂ ಮೊಂಡಿ, ಬಾಚಣಿಗೆ ಕಿತ್ತುಕೊಂಡಳು. "ಸರಿ, ನವೆಂಬರಿಗೇ ಕೊಡ್ತೀನಿ. ಅಲ್ಲೀವರ್ಗೂ ಸಾಯ್ಬೇಡ, ಟೀಚರಮ್ಮ."

ಇರಲಿ ಕೊಡೇ, ಎನ್ನಬಹುದಿತ್ತು. ಆ ಹಲ್ಲುಗಳನ್ನು ನೆತ್ತಿಗೆ ತಾಗಿಸಿಕೊಳ್ಳುವ ಆಸೆಯೂ ಇತ್ತು. ಆದರೆ ಸರಿಯಾದ ದಿನಕ್ಕೇ ಬರಲಿ ಎಂದು ಸುಮ್ಮನಾದೆ. ಆಮೇಲಿನ ಒಂದೊಂದು ತಪಾಸಣೆಯಲ್ಲೂ ಅದು ಅವಳ ಲಂಗದ ಮಡಿಕೆಯಲ್ಲಿತ್ತು. ನನ್ನ ಉಡುಗೊರೆಯ ಭಯವನ್ನು ನನ್ನ ಬದಲು ಅವಳು ಹೊತ್ತು ತಿರುಗಿದಳು.

ಅಕ್ಟೋಬರಿನಲ್ಲಿ ಸಿಕ್ಕಿಬಿತ್ತು. ಕಾವಲುಗಾರ್ತಿ ಬಾಚಣಿಗೆಯನ್ನು ಬೆಳಕಿಗೆ ಹಿಡಿದಳು. ನಾನು ಒತಿಲಿಯಾಳ ಬೆನ್ನ ಹಿಂದೆಯೇ ನಿಂತಿದ್ದೆ.

"ಈ ಅಕ್ಷರ ಯಾರದು? ನಿನ್ನ ಹೆಸರು ಒತಿಲಿಯಾ ಅಲ್ವಾ?"

"ನಮ್ಮಮ್ಮಂದು," ಎಂದಳು ಒತಿಲಿಯಾ. "ನಮ್ಮಮ್ಮನ ಹೆಸರು ಎಲ್ಜ್‌ಬೆತಾ. ಈಗ ಬದುಕಿಲ್ಲ."

ಅವಳನ್ನು ಶಿಕ್ಷೆಯ ಕೋಣೆಗೆ ಎಳೆದೊಯ್ದರು. ಅಲ್ಲಿಂದ ಅವಳು ಹಿಂದಿರುಗಲಿಲ್ಲ.

ಅವಳ ಅಮ್ಮನ ಹೆಸರು ಮರಿಯಾನ್ನಾ. ಲುಬ್ಲಿನ್‌ನಲ್ಲಿ ಬದುಕಿಯೇ ಇದ್ದಳು. ದಿನವೂ ಇಬ್ಬರೂ ಅವಳಿಗಾಗಿ ಪ್ರಾರ್ಥಿಸುತ್ತಿದ್ದೆವು. ಆ ಒಂದು ತಪ್ಪನ್ನು ಮಾತ್ರ ನಾನು ತಿದ್ದಲಿಲ್ಲ.