ಸೋಮವಾರದಿಂದ ತೆರೆದಿದ್ದ ವಿಂಡೋ

ಮೂವತ್ತೆರಡು ತುಂಬಿದರೂ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳು ಪುಟ್ಟಿಯೇ. ವಿಭಾಗದ ಮುಖ್ಯಸ್ಥ ಅವಳ ಸೋದರಮಾವ. ಕೆಲಸ ಕೊಡಿಸಿದವನೂ ಅವನೇ. ಅದನ್ನು ವಾರಕ್ಕೊಮ್ಮೆಯಾದರೂ ನೆನಪಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಪುಟ್ಟಿ ಇಷ್ಟು ದಿನ ತಲೆಯಾಡಿಸಿಕೊಂಡು ಬಂದಿದ್ದಳು. ಗುರುವಾರ ಬೆಳಿಗ್ಗೆ ಆಡಿಸಲಿಲ್ಲ.

ಆಗಿದ್ದಿಷ್ಟು. ಮಗುವಿನ ತೂಕ ಕೊಟ್ಟರೆ ಗಂಟೆಗೆ ಎಷ್ಟು ಮಿಲಿ ಡ್ರಿಪ್ ಹಾಕಬೇಕೆಂದು ಹೇಳುವ ಪ್ರೋಗ್ರಾಮನ್ನು ಅವಳು ಬರೆದಿದ್ದಳು. ಇನ್ನೂ ವಾರ್ಡಿಗೆ ಕೊಟ್ಟಿರಲಿಲ್ಲ, ಪರೀಕ್ಷೆ ನಡೆಯುತ್ತಿತ್ತು. ಸೋಮವಾರ ಹೆಡ್ ನರ್ಸ್ ಮಾವನ ಮೇಜಿನ ಕಂಪ್ಯೂಟರಿನಲ್ಲಿ ಹನ್ನೆರಡು ಕಿಲೋ ಎಂದು ಕೊಟ್ಟು ನೋಡಿದರೆ ನಲವತ್ತನಾಲ್ಕರ ಬದಲು ನಲವತ್ತೆಂಟು ಬಂತು. ಪುಟ್ಟಿ ತನ್ನದೇ ತಪ್ಪೆಂದು ಒಪ್ಪಿ, ಸಂಜೆಯೊಳಗೆ ಫೈಲನ್ನು ತಿದ್ದಿ, ಸರಿಯಾಯಿತೆಂದು ಮೇಲ್ ಕಳಿಸಿದಳು. ಬುಧವಾರ ಮಾವ ಮತ್ತೆ ಹನ್ನೆರಡು ಕೊಟ್ಟು ನೋಡಿದ. ನಲವತ್ತೆಂಟೇ. ನೋಡಿದವನು ಅವಳನ್ನು ಒಂದು ಮಾತು ಕೇಳಬೇಕೋ ಬೇಡವೋ? ಕೇಳಲಿಲ್ಲ. ತಿದ್ದದೆ ತಿದ್ದಿದೆ ಎಂದು ಸುಳ್ಳು ಹೇಳಿದ್ದಾಳೆಂದು ನಿರ್ದೇಶಕಿಗೂ ನಾಲ್ವರು ಡಾಕ್ಟರುಗಳಿಗೂ ಬರೆದೇಬಿಟ್ಟ.

ಈಗ ಅವನ ಮೇಜಿನ ಸುತ್ತ ನಿರ್ದೇಶಕಿ, ಹೆಡ್ ನರ್ಸ್, ಪುಟ್ಟಿ. ಮೇಜಿನ ಮೇಲೆ ಮಾವ ಟೈಪ್ ಮಾಡಿಸಿಟ್ಟ ಕ್ಷಮಾಪಣೆ ಪತ್ರ.

“ಸಹಿ ಹಾಕು ಪುಟ್ಟಿ, ಇಲ್ಲಿಗೆ ಮುಗಿಸೋಣ. ಕೆಲಸಕ್ಕೇನೂ ತೊಂದ್ರೆ ಆಗದ ಹಾಗೆ ನಾನು ನೋಡ್ಕೋತೀನಿ.”

“ಹಾಕಲ್ಲ.”

ಕೆಲಸ ಉಳಿಯುತ್ತದೆ, ಸರಿ. ಆದರೆ ಸುಳ್ಳುಬುರುಕಿ ಬರೆದ ಪ್ರೋಗ್ರಾಮನ್ನು ನಂಬಿ ಯಾವ ನರ್ಸ್ ತಾನೇ ಮಗುವಿಗೆ ಸೂಜಿ ಚುಚ್ಚಿಯಾಳು? ಸಹಿ ಹಾಕಿದ ಮೇಲೆ ಈ ಕಟ್ಟಡದಲ್ಲಿ ತನ್ನ ಮಾತಿಗೆ ಮೂರು ಕಾಸಿನ ಬೆಲೆ ಇರದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಮತ್ತೆ ಇದೇನು?” ಎಂದು ಮಾವ ಪರದೆಗೆ ಬೆರಳು ಕುಟ್ಟಿದ. “ಫೈಲಲ್ಲಿ ನಿನ್ನ ಹೊಸ ಸಾಲು ಇದೆ, ನೋಡಿದೀನಿ. ಉತ್ತರ ಮಾತ್ರ ಹಳೇದೇ.”

“ಈ ಇಂಟರ್‌ಪ್ರಿಟರ್ ವಿಂಡೋ ಯಾವಾಗ ತೆರೆದಿದ್ದು?”

“ಸೋಮವಾರ. ಸಿಸ್ಟರ್ ನೋಡಿದ್ದೂ ಇದರಲ್ಲೇ.”

“ಆಮೇಲೆ ಮಾಡ್ಯೂಲ್‌ನ ಮತ್ತೆ ಲೋಡ್ ಮಾಡಿದ್ರಾ?”

ಮಾವ ಪರದೆಯಿಂದ ಬೆರಳು ತೆಗೆದ. ಇಂಟರ್‌ಪ್ರಿಟರ್ ಎಂದರೆ ಪ್ರೋಗ್ರಾಮನ್ನು ಓದಿ ನಡೆಸುವ ತಂತ್ರಾಂಶ. ಅದು ಒಮ್ಮೆ ಮಾಡ್ಯೂಲನ್ನು, ಅಂದರೆ ಆ ಪ್ರೋಗ್ರಾಮಿನ ಫೈಲನ್ನು, ಲೋಡ್ ಮಾಡಿಕೊಂಡಿತೆಂದರೆ ಮುಗಿಯಿತು. ಆಮೇಲೆ ಫೈಲಿನಲ್ಲಿ ಏನೇ ತಿದ್ದಿ, ಮತ್ತೆ ಲೋಡ್ ಮಾಡು ಎನ್ನುವವರೆಗೆ ಅದು ಹಳೆಯ ಲೆಕ್ಕದ ಫಂಕ್ಷನ್ನಿನಿಂದಲೇ ಉತ್ತರ ಕೊಡುತ್ತಿರುತ್ತದೆ. ಇದನ್ನು ಪುಟ್ಟಿಗೆ ಮೊದಲ ದಿನ ಕಲಿಸಿದವನು ಇದೇ ಮಾರಾಯ.

ಅವಳು ಕೀಬೋರ್ಡ್ ಎಳೆದುಕೊಂಡಳು. ಮಾವ ಅದರ ಮೇಲೆ ಕೈಯಿಟ್ಟ. “ಬಿಡಿ, ಮಾಡ್ಲಿ,” ಎಂದರು ನಿರ್ದೇಶಕಿ. ರೀಲೋಡ್ ಎಂದು ಒತ್ತಿದ್ದೇ ತಡ, ಪರದೆ ತುಂಬ ಕೆಂಪು ಅಕ್ಷರ. ಲೋಡ್ ಆಗಲಿಲ್ಲ, ಮಾಡ್ಯೂಲ್ ಒಂದೂ ಇಲ್ಲ, ಹಳೆಯದೂ ಹೋಯಿತು.

ಪುಟ್ಟಿ ಪರದೆಯ ಹತ್ತಿರಕ್ಕೆ ಬಾಗಿದಳು.

“ನೋಡಿದ್ರಾ ಮೇಡಂ?” ಮಾವನ ಮುಖ ಅರಳಿತು. “ಹಳೇದಾದ್ರೂ ಓಡ್ತಿತ್ತು.”

ಅವಳು ಹಲ್ಲು ಕಚ್ಚಿ ಆ ಕೆಂಪು ಸಾಲುಗಳನ್ನು ಮೊದಲಿನಿಂದ ಓದಿದಳು. ತಿದ್ದುವಾಗ ಅವಳು ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಹೊಸದೊಂದು ಪ್ಯಾಕೇಜ್ ಬಳಸಿದ್ದಳು. ಅದು ಈ ಕಂಪ್ಯೂಟರಿನಲ್ಲೂ ಇತ್ತು, ಆದರೆ ಇಂಟರ್‌ಪ್ರಿಟರ್ ಅದನ್ನು ಮರೆಯಲ್ಲಿಟ್ಟಿತ್ತು. ಹೆಸರು ಹೇಳಿ ಕರೆದರಷ್ಟೇ ಒಳಗೆ ಬರುತ್ತದೆ. ಅವಳು ಹೆಸರು ಹೇಳಿ ಕರೆದಳು, ಮಾಡ್ಯೂಲನ್ನು ಹೊಸದಾಗಿ ಲೋಡ್ ಮಾಡಿದಳು. ಈ ಸಲ ಕೆಂಪಿಲ್ಲ. ಒಂದು ಮಾಡ್ಯೂಲ್ ಲೋಡ್ ಆಗಿದೆ.

“ಸಿಸ್ಟರ್, ನೀವೇ ಒತ್ತಿ.”

ಹೆಡ್ ನರ್ಸ್ ಹನ್ನೆರಡು ಒತ್ತಿದರು. ನಲವತ್ತನಾಲ್ಕು. ಏಳು ಕಿಲೋ, ಹದಿನೆಂಟು ಕಿಲೋ, ಇಪ್ಪತ್ತಾರು ಕಿಲೋ ಒತ್ತಿ, ಜೇಬಿನಿಂದ ತಮ್ಮ ಪಟ್ಟಿ ತೆಗೆದು ಬೆರಳಿಟ್ಟು ಹೋಲಿಸಿದರು. “ಎಲ್ಲಾ ಸರಿಯಿದೆ ಮೇಡಂ. ಹುಡುಗಿ ಸುಳ್ಳು ಹೇಳಿಲ್ಲ,” ಎಂದರು.

ಮಾವನ ಮುಖ ಹುಳ್ಳಗಾಯಿತು. ಪತ್ರವನ್ನು ಮಡಚಿ ಡ್ರಾಯರಿಗೆ ತುರುಕಿದ. “ಸರಿ ಹೋಯ್ತಲ್ಲ, ಬಿಡು. ಮನೆಯವರ ಮಧ್ಯೆ ಇದನ್ನೆಲ್ಲ ಎಳೆಯೋದು ಬೇಡ.”

“ಮಾವ, ಆ ಪ್ಯಾಕೇಜ್ ಹೆಸರು ಫೈಲ್ ಜೊತೆ ಬರೆದು ಕಳಿಸೋದು ಮರೆತಿದ್ದು ನನ್ನ ತಪ್ಪು. ಅದನ್ನ ಬರೆದುಕೊಡ್ತೀನಿ.” ಅವಳು ಬಿಳಿ ಹಾಳೆ ಎಳೆದುಕೊಂಡು ನಿಂತಲ್ಲೇ ಎರಡು ಸಾಲು ಗೀಚಿ, ಸಹಿ ಹಾಕಿ ನಿರ್ದೇಶಕಿಗೆ ಕೊಟ್ಟಳು. ಇನ್ನೊಂದು ಹಾಳೆಯನ್ನು ಮಾವನ ಮುಂದಿಟ್ಟಳು. “ಈಗ ನಿಮ್ದು. ನೀವು ಬರೆದ ಆ ಐದು ಜನಕ್ಕೂ.”

“ನಿಮ್ಮಮ್ಮನಿಗೆ ನಾನೇನು ಹೇಳ್ಲಿ?”

“ಅಮ್ಮನಿಗೆ ನಾನು ಹೇಳ್ತೀನಿ. ನೀವು ಬರೀರಿ.”

ನಿರ್ದೇಶಕಿ ಗಡಿಯಾರ ನೋಡಿದರು, ಆದರೆ ಎದ್ದು ಹೋಗಲಿಲ್ಲ. ಪುಟ್ಟಿ ಕುರ್ಚಿ ಎಳೆದು ಮಾವನ ಎದುರೇ ಕುಳಿತಳು. ಮಾವ ಪೆನ್ನು ತೆಗೆದುಕೊಂಡ, ಅದರ ಮುಚ್ಚಳ ಬಿಚ್ಚಿ ಮತ್ತೆ ಹಾಕಿದ, ಮತ್ತೆ ಬಿಚ್ಚಿದ. ತನ್ನನ್ನು ಎತ್ತಿ ಆಡಿಸಿದ ಕೈ ಅದು. ಬೇಡ ಬಿಡಿ ಮಾವ ಎನ್ನುವ ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡಳು.

“ಏನಂತ ಬರೀಲಿ?” ಎಂದ ಕೊನೆಗೆ, ತಲೆಯೆತ್ತದೆ.

“ಕೇಳದೆ ಬರೆದೆ ಅಂತ ಬರೀರಿ,” ಎಂದಳು.