ಯಕ್ಷಿತಾಳನ್ನು ಯಾರು ಕೇಳಿದರು?

ಗುಣವಾಯಿತೆಂದುಕೊಂಡ ಕಾಯಿಲೆ ಮತ್ತೆ ಬಂದರೆ ಮನೆ ಮಂದಿಗೆ ಮೊದಲ ಸಲಕ್ಕಿಂತ ಹೆಚ್ಚು ಭಯವಾಗುತ್ತದೆ. ಮೊದಲ ಸಲ ಏನೂ ಗೊತ್ತಿರುವುದಿಲ್ಲ. ಎರಡನೆಯ ಸಲ ಎಲ್ಲವೂ ಗೊತ್ತಿರುತ್ತದೆ.

ಮುಂಬೈಯ ದಹಿಸರ್‌ನ ಮೋನಪ್ಪನಿಗೆ ಹೀಗೇ ಆಯಿತು. ಅವನು ಉಡುಪಿ ಕಡೆಯವನು, ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ಅಡುಗೆಯವನು. ಹೆಂಡತಿ ಶೀಲಾವತಿ. ಒಬ್ಬಳೇ ಮಗಳು ಯಕ್ಷಿತಾ, ಹದಿನೇಳರ ಹುಡುಗಿ, ಜೂನಿಯರ್ ಕಾಲೇಜಿಗೆ ಹೋಗುತ್ತಿದ್ದಳು. ಚಿಕ್ಕವಳಿದ್ದಾಗ ಅವಳಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಬಂದಿತ್ತು. ಬಹಳ ಕಾಲ ಕೀಮೋ ಕೊಟ್ಟು ಗುಣ ಮಾಡಿದ್ದರು. ಉದುರಿದ ಕೂದಲು ಬೆಳೆದು ಎರಡು ಜಡೆಯಾಗಿತ್ತು. ಮಲಗಿದ ಮಗು ಎಚ್ಚರವಾದೀತು ಎಂಬಂತೆ, ಆ ಕಾಯಿಲೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕಾಲಿನಲ್ಲಿ ನೇರಳೆ ಬಣ್ಣದ ಚುಕ್ಕೆಗಳು ಕಾಣಿಸಿದವು.

“ಸೊಳ್ಳೆ ಕಚ್ಚಿದ್ದು ಇರ್ಬೇಕು,” ಎಂದಳು ಶೀಲಾವತಿ. ಹೇಳುತ್ತಲೇ ಇನ್ನೊಂದು ಕಾಲನ್ನೂ ತಿರುಗಿಸಿ ನೋಡಿದಳು.

ನಗರದ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಬೆನ್ನ ಕೆಳಗಿನ ಮೂಳೆಯಿಂದ ಮಜ್ಜೆ ತೆಗೆದು ನೋಡಿದರು. ಡಾಕ್ಟರ್ ನಿಶಾ ಹಿಂದಿಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿದ್ದ ನರ್ಸ್ ವಂದನಾ ಕನ್ನಡದಲ್ಲಿ ಹೇಳಿದಳು. ಅವಳು ಧಾರವಾಡದವಳು.

“ಕಾಯಿಲೆ ಹೊಳ್ಳಿ ಬಂದದರಿ, ಅಣ್ಣಾರ. ಕೀಮೋ ಮತ್ತ ಕೊಡಬಹುದು. ಇನ್ನೊಂದು ದಾರಿನೂ ಅದ. ಇಮ್ಯುನೊಥೆರಪಿ ಅಂತಾರ. ನಮ್ಮ ಮೈಯಾಗ ರೋಗದ ಸಂಗಡ ಜಗಳಾಡೋ ಶಕ್ತಿ ಇರ್ತದಲ್ರಿ, ಅದನ್ನ ಎಬ್ಬಿಸೋದು. ಅದರಾಗ ಒಂದು ಔಷಧ ಸಾಕೋ, ಎರಡು ಕೂಡಿಸಿ ಕೊಟ್ರ ಛಲೋನೋ ಅಂತ ಇಲ್ಲೆ ಒಂದು ಅಧ್ಯಯನ ನಡದದ. ಯಕ್ಷಿತಾನ್ನೂ ಅದರಾಗ ಸೇರಸಬಹುದು.”

“ಗುಣ ಆಗ್ತದಾ?” ಮೋನಪ್ಪ ಕೇಳಿದ.

ಡಾಕ್ಟರ್ ಅವನ ಕಣ್ಣನ್ನೇ ನೋಡಿ ಹೇಳಿದರು. ಆ ಹಿಂದಿ ಅವನಿಗೂ ಅರ್ಥವಾಯಿತು. ಆಸೆ ಇದೆ, ಗ್ಯಾರಂಟಿ ಇಲ್ಲ.

ಮೋನಪ್ಪ ಕುರ್ಚಿಯಿಂದ ಎದ್ದುಬಿಟ್ಟ. “ನನ್ನ ಮಗಳ ಮೇಲೆ ಎಂತ ಪ್ರಯೋಗ ಮಾಡ್ಲಿಕ್ಕೆ ಉಂಟು ನಿಮಗೆ? ಅವಳು ಇಲಿಯಾ?”

ಮೂವರೂ ಲೋಕಲ್ ರೈಲು ಹತ್ತಿ ಮನೆಗೆ ಹೊರಟರು. ಮಾಹಿಮ್ ದಾಟುವಾಗ ಖಾಡಿಯ ಹಿನ್ನೀರಿನ ಮೇಲೆ ಮಧ್ಯಾಹ್ನದ ಬಿಸಿಲು ಹಾಲಿನ ಕೆನೆಯಂತೆ ಹಾಸಿತ್ತು. ಯಕ್ಷಿತಾ ಅಪ್ಪನ ಹೆಗಲಿಗೆ ತಲೆಯಿಟ್ಟು ಅರೆನಿದ್ದೆಯಲ್ಲಿದ್ದಳು. ಗಾಡಿ ಒಲೆದಾಗಲೆಲ್ಲ ಅವಳೂ ಒಲೆಯುತ್ತಿದ್ದಳು. ಮೋನಪ್ಪನಿಗೆ ಒಂದು ಗಳಿಗೆ ಇದೆಲ್ಲ ಸುಳ್ಳೆನಿಸಿತು. ಇವಳಿನ್ನೂ ಕೂಸು, ತೊಟ್ಟಿಲಲ್ಲಿದ್ದಾಳೆ, ತಾನು ತೂಗುತ್ತಿದ್ದೇನೆ, ತೂಗುವುದನ್ನು ನಿಲ್ಲಿಸದಿದ್ದರೆ ಏನೂ ಆಗುವುದಿಲ್ಲ. ದಹಿಸರ್ ಬಂದಿತೆಂದು ಯಾರೋ ಕೂಗಿದಾಗ ಬೆಚ್ಚಿ ಎದ್ದ.

ಸಂಜೆ ಊರಿನಿಂದ ಭಾವನ ಫೋನ್ ಬಂತು. ಘಟ್ಟದ ಕೆಳಗೆ ಒಬ್ಬರು ಬೇರಿನ ಔಷಧಿ ಕೊಡುತ್ತಾರಂತೆ. “ಮೂರು ತಿಂಗಳಲ್ಲಿ ಗ್ಯಾರಂಟಿ ಅಂತೆ ಮಾರಾಯ. ಕೀಮೋ ಗೀಮೋ ಎಲ್ಲ ಬಿಡ್ಬೇಕಂತೆ.”

ಗ್ಯಾರಂಟಿ. ಆ ಒಂದು ಮಾತು ಮೋನಪ್ಪನ ಎದೆಗೆ ತಂಪು ಹನಿಸಿತು. ಮರುದಿನವೇ ಅವನು ಮಗಳ ರಿಪೋರ್ಟುಗಳನ್ನು ತರಲು ಒಬ್ಬನೇ ಆಸ್ಪತ್ರೆಗೆ ಹೊರಟ.

ಮಕ್ಕಳ ವಾರ್ಡಿನ ಹೊರಗೆ ಒಬ್ಬ ಹೆಂಗಸು ಪುಟಾಣಿಗಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುತ್ತಿದ್ದಳು. ಅರ್ಧ ಮರಾಠಿ, ಅರ್ಧ ಹಿಂದಿ, ನಡುವೆ ತಪ್ಪಿ ಬಂದ ಕನ್ನಡ. ಕಥೆಯಲ್ಲಿ ಒಂದು ಆನೆ ಮೋಡದ ಮೇಲೆ ಮಲಗಿ ಗೊರಕೆ ಹೊಡೆಯುತ್ತಿತ್ತು. ಕನ್ನಡ ಕೇಳಿ ಮೋನಪ್ಪ ನಿಂತ. ಕಥೆ ಮುಗಿದ ಮೇಲೆ ಅವಳೇ ಮಾತಾಡಿಸಿದಳು. ಹೆಸರು ದಾನೇಶ್ವರಿ, ಊರು ಬೆಳಗಾವಿ, ಮನೆ ಸಯನ್‌ನಲ್ಲಿ.

ಮೋನಪ್ಪ ಎಲ್ಲವನ್ನೂ ಹೇಳಿಕೊಂಡ. ಬೇರಿನ ಔಷಧಿಯನ್ನೂ ಹೇಳಿದ.

ದಾನೇಶ್ವರಿ ಅವನಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. “ನನ್ನ ಮಗ ಅಮಿತಗೂ ಇದ ಕಾಯಿಲೆ ಹೊಳ್ಳಿ ಬಂದಿತ್ರಿ. ನಾವೂ ಗ್ಯಾರಂಟಿ ಕೊಟ್ಟಾವರ ಬೆನ್ನು ಹತ್ತಿದಿವಿ. ಆಸ್ಪತ್ರಿಗೆ ಹೊಳ್ಳಿ ಬರೋದ್ರಾಗ ಬಾಳ ತಡ ಆಗಿತ್ತು. ಆಗ ಇಲ್ಲೆ ಈ ಎರಡರಾಗಿನ ಒಂದ ಔಷಧದ ಅಧ್ಯಯನ ನಡದಿತ್ತು. ಸೇರಿಸಿದಿವಿ. ಕೆಲವು ತಿಂಗಳು ನಕ್ಕೋತ ಇದ್ದ. ಕೇರಂ ಆಡಿದ. ಆಮ್ಯಾಲ ಹೋದ.”

ಮೋನಪ್ಪ ಅವಳ ಕಡೆಗೆ ತಿರುಗಿದ. “ಹಾಗಾದ್ರೆ ನೀವು ಇನ್ನೂ ಇಲ್ಲಿಗೆ ಬರುವುದು ಯಾಕೆ?”

“ಜ್ವರ ಯಾವಾಗ ಬರ್ತದ, ಬಂದ್ರ ಏನ್ ಮಾಡ್ಬೇಕು, ಔಷಧ ಎಷ್ಟು ಕೊಡ್ಬೇಕು, ಇವನ್ನೆಲ್ಲ ಡಾಕ್ಟರು ಅಮಿತನಂಥಾ ಹುಡುಗರಿಂದ ಕಲ್ತಾರ್ರಿ. ಅಂವ ಹಾದ ದಾರಿ ಅದು. ನಿಮ್ಮ ಹುಡುಗಿಗೆ ಆ ದಾರಿ ಒಂದೀಟು ಹಸನಾಗಿರ್ತದ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀವು ಸೇರಸ್ರಿ ಅನ್ನೂದಿಲ್ಲ ನಾ. ಒಳಗ ಹೋಗಿ ಕೇಳ್ರಿ. ಮನಸ್ಸು ತುಂಬೋ ತನಕ ಕೇಳ್ರಿ.”

ಮೋನಪ್ಪ ರಿಪೋರ್ಟು ಕೇಳಲಿಲ್ಲ. ವಂದನಾಳ ಎದುರು ಕುಳಿತ.

“ಸಿಸ್ಟರ್, ನಿನ್ನೆ ಸಿಟ್ಟಲ್ಲಿ ಹೋದೆ. ಇವತ್ತು ಸರಿಯಾಗಿ ಹೇಳಿ. ಈ ಎರಡು ಔಷಧಿ ಎಂತ ಮಾಡ್ತದೆ?”

“ನಿಮ್ಮ ಬಿಲ್ಡಿಂಗಿಗೆ ವಾಚ್‌ಮನ್ ಇದ್ದಾನಲ್ರಿ? ಕಳ್ಳ ನಮ್ಮ ಮನಿಯವರಂಗ ವೇಷ ಹಾಕ್ಕೊಂಡ್ ಬಂದ್ರ ಅಂವಗ ಗುರ್ತು ಸಿಗೂದಿಲ್ಲ. ಮೊದಲನೇ ಔಷಧ ಒಂದು ಕೈಯಾಗ ಕಳ್ಳನ್ನ ಹಿಡಕೊಂಡು, ಇನ್ನೊಂದು ಕೈಯಾಗ ವಾಚ್‌ಮನ್ನನ ಹಿಡಕೊಂಡು ಇಬ್ಬರನ್ನೂ ಎದುರಾಬದುರ ನಿಲ್ಲಸ್ತದ. ಆದ್ರ ಕಳ್ಳ ಬೆರಕಿ. ವಾಚ್‌ಮನ್ನಗ ‘ಸುಮ್ನ ಕೂಡು’ ಅಂತ ಸನ್ನೆ ಮಾಡ್ತಾನ. ಎರಡನೇ ಔಷಧ ಆ ಸನ್ನೆ ಅವಗ ಮುಟ್ಟಗೊಡೂದಿಲ್ಲ.”

“ಹಾಗಿದ್ರೆ ಎರಡೂ ಕೊಟ್ರೆ ಆಯ್ತಲ್ಲ!”

“ಎರಡೂ ಕೂಡಿದ್ರ ಕಳ್ಳ ಲಗೂನ ಸಿಗ್ತಾನೋ, ಇಲ್ಲಾ ವಾಚ್‌ಮನ್ ಸಿಟ್ಟಿಗೆದ್ದು ಮನಿಯವರನ್ನೂ ಬಡೀತಾನೋ ನಮಗಿನ್ನೂ ಗೊತ್ತಿಲ್ರಿ. ಅದಕ್ಕ ಕೆಲವರಿಗೆ ಒಂದು, ಕೆಲವರಿಗೆ ಎರಡು. ಯಾರಿಗೆ ಯಾವುದು ಅಂತ ಡಾಕ್ಟರೂ ಆರಿಸೂದಿಲ್ಲ. ಚೀಟಿ ಎತ್ತಿದಂಗ ಕಂಪ್ಯೂಟರ್ ಆರಸ್ತದ. ಔಷಧ ಇಲ್ಲದಂಗ ಮಾತ್ರ ಯಾರನ್ನೂ ಬಿಡೂದಿಲ್ಲ.”

“ನಡುವಲ್ಲಿ ಬೇಡ ಅನಿಸಿದ್ರೆ?”

“ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು. ಯಾರೂ ಯಾಕಂತ ಕೇಳಂಗಿಲ್ಲ. ಬೇರೆ ಚಿಕಿತ್ಸೆ ಇಲ್ಲೇ ನಡೀತದ.” ವಂದನಾ ಮೆಲ್ಲಗೆ ನಕ್ಕಳು. “ಆದ್ರ ಅಣ್ಣಾರ, ನೀವು ಹೂಂ ಅಂದ್ರೂ ಸಾಲೂದಿಲ್ಲ. ಹುಡುಗಿನೂ ಹೂಂ ಅನಬೇಕು. ಯಕ್ಷಿತಾನ್ನ ಯಾರು ಕೇಳಿದ್ರಿ?”

ಮೋನಪ್ಪ ತಾನು ಕೇಳಿದವರನ್ನು ಮನಸ್ಸಿನಲ್ಲೇ ಎಣಿಸಿದ. ಮಗಳಿಗೆ ಏನು ಬೇಕೆಂದು ಭಾವನನ್ನು ಕೇಳಿದ್ದ, ದೇವರನ್ನು ಕೇಳಿದ್ದ. ಅವಳನ್ನು ಕೇಳಿರಲಿಲ್ಲ.

ಆ ಸಂಜೆ ಯಕ್ಷಿತಾ ಬಾಲ್ಕನಿಯಲ್ಲಿ ಕುಳಿತಿದ್ದಳು. ನ್ಯಾಷನಲ್ ಪಾರ್ಕಿನ ಗುಡ್ಡದ ಮೇಲೆ ಮಂಜು ಇಳಿಯುತ್ತಿತ್ತು. ಮೋನಪ್ಪ ಪಕ್ಕದಲ್ಲಿ ಕುಳಿತು ಕೇಳಿದ್ದನ್ನೆಲ್ಲ ಹೇಳಿದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ.

ಅವಳು ಗುಡ್ಡದಿಂದ ಕಣ್ಣು ತೆಗೆದು ಅಪ್ಪನನ್ನು ನೋಡಿದಳು. “ಪಪ್ಪ, ನೀವೆಲ್ಲ ಕಿಚನ್‌ನಲ್ಲಿ ಮಾತಾಡ್ತೀರಿ. ಮೈ ಸಬ್ ಸುನ್ತೀ ಹೂಂ, ನನಗೆ ಎಲ್ಲ ಕೇಳಿಸ್ತದೆ. ನನಗೆ ಊರಿನ ದವಾ ಬೇಡ. ನನಗೆ ಸಚ್, ಸತ್ಯ ಹೇಳುವವರು ಬೇಕು.”

“ಹೆದರಿಕೆ ಆಗುದಿಲ್ವಾ ಮಗಾ?”

“ಆಗ್ತದೆ. ನೀವು ಹತ್ರ ಇರ್ತೀರಲ್ಲ?”

ಒಳಗಿನಿಂದ ಶೀಲಾವತಿ ಬಂದು ಇಬ್ಬರ ನಡುವೆ ಕುಳಿತಳು. “ಇರ್ತೇವೆ. ಬಿಟ್ಟು ಎಲ್ಲಿಗೆ ಹೋಗುದು?” ಎಂದಳು. ಭಾವನಿಗೆ ಅವಳೇ ಫೋನ್ ಮಾಡಿ ಬೇಡವೆಂದಳು.

ಮುಂದಿನ ವಾರ ಯಕ್ಷಿತಾಳೂ ಅಪ್ಪ ಅಮ್ಮನೂ ಅಧ್ಯಯನದ ಒಪ್ಪಿಗೆಗೆ ಸಹಿ ಹಾಕಿದರು. ಕಂಪ್ಯೂಟರ್ ಆರಿಸಿತು. ಯಕ್ಷಿತಾಳಿಗೆ ಒಂದೇ ಔಷಧ. ವಾರ್ಡಿನಲ್ಲಿ ಅವಳ ಪಕ್ಕದ ಹಾಸಿಗೆಯ ಮೋಹಿನಿ ಎಂಬ ಹುಡುಗಿಗೆ ಎರಡೂ.

ಪ್ರಯೋಗವೇ ಬೇಡ ಎಂದಿದ್ದ ಮೋನಪ್ಪ ಈಗ ವಂದನಾಳ ಹಿಂದೆ ಬಿದ್ದ. “ಸಿಸ್ಟರ್, ನನ್ನ ಮಗಳಿಗೆ ಕಮ್ಮಿ ಯಾಕೆ? ಇನ್ನೊಂದನ್ನೂ ಕೊಟ್ಟುಬಿಡಿ!”

ಉತ್ತರ ಬಂದದ್ದು ಹಾಸಿಗೆಯಿಂದ. “ಪಪ್ಪ, ಯಾವುದು ಜ್ಯಾದಾ ಒಳ್ಳೇದು ಅಂತ ಇವರಿಗೇ ಗೊತ್ತಿಲ್ಲ. ಗೊತ್ತಿದ್ರೆ ಈ ಸ್ಟಡಿ ಯಾಕೆ?” ಮೋಹಿನಿ ಬಾಯಿಗೆ ಕೈಯಿಟ್ಟು ನಕ್ಕಳು. ಮೋನಪ್ಪನೂ ನಾಚಿ ನಕ್ಕ.

ಔಷಧ ಒಂದು ಪುಟ್ಟ ಪಂಪಿನಿಂದ ಹಗಲಿರುಳು ಹನಿಹನಿಯಾಗಿ ಅವಳ ರಕ್ತಕ್ಕೆ ಇಳಿಯುತ್ತಿತ್ತು. ಜ್ವರ ಬರಬಹುದೆಂದು ಮೊದಲೇ ಹೇಳಿದ್ದರು. ಬಂತು. “ಮಾತು ಬದಲಾದ್ರ, ಕೈ ನಡುಗಿದ್ರ, ಸಣ್ಣದು ಅಂತ ಸುಮ್ನಿರಬ್ಯಾಡ್ರಿ, ಕರೀರಿ,” ಎಂದೂ ವಂದನಾ ಹೇಳಿದ್ದಳು.

ಒಂದು ಮಧ್ಯಾಹ್ನ ಯಕ್ಷಿತಾ ಕಣ್ಣು ಅರೆತೆರೆದು ಕಿಟಕಿಯ ಕಡೆ ನೋಡಿ ಮುಗುಳ್ನಕ್ಕಳು. ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. “ಪಪ್ಪ, ಹೊರಗೆ ನೀರು ಬಂದಿದೆ. ಲೋಕಲ್ ನೀರಿನ ಮೇಲೆ ಹೋಗ್ತಾ ಉಂಟು. ದೋಣಿ ಹಾಗೆ. ಎಲ್ಲರೂ ಕಿಟಕಿಯಿಂದ ಕೈ ಬೀಸ್ತಿದ್ದಾರೆ.”

ಎಷ್ಟು ಚಂದದ ಕನಸು! ಮೋನಪ್ಪನಿಗೂ ಒಂದು ಕ್ಷಣ ಆ ನೀರು ಕಂಡಂತಾಯಿತು. ತಾನೂ ಹತ್ತಿ ಅವಳ ಪಕ್ಕದಲ್ಲಿ ಕೂರೋಣ ಎನಿಸಿತು. ಆದರೆ ಅವಳ ಕಣ್ಣು ಅವನ ಮೇಲೆ ನಿಲ್ಲುತ್ತಿರಲಿಲ್ಲ. ವಂದನಾಳ ಮಾತು ನೆನಪಾಯಿತು. ಅವನು ಎದ್ದು ಓಡಿದ.

ವಂದನಾ ಬಂದು ಯಕ್ಷಿತಾಳಿಗೆ ಹೆಸರು ಬರೆಯಲು ಹೇಳಿದಳು. ಅಕ್ಷರಗಳು ಚೆಲ್ಲಾಪಿಲ್ಲಿಯಾದವು. ಔಷಧ ಮೆದುಳಿಗೆ ತಾಗಿದೆ ಎಂದು ಡಾಕ್ಟರ್ ನಿಶಾ ಕೂಡಲೇ ಪಂಪು ನಿಲ್ಲಿಸಿ ಬೇರೆ ಔಷಧ ಕೊಟ್ಟರು. ಮೋನಪ್ಪ, ಶೀಲಾವತಿ ಮಗಳ ಒಂದೊಂದು ಪಾದ ಹಿಡಿದುಕೊಂಡು ಕುಳಿತರು. ಬಿಸಿಲು ಗೋಡೆಯ ಮೇಲೆ ಏರಿ ಮಾಸುವ ಹೊತ್ತಿಗೆ ಯಕ್ಷಿತಾ ತಿರುಗಿ ನೋಡಿ, “ಅಮ್ಮ, ಹಸಿವು,” ಎಂದಳು.

“ಛಲೋ ಆತು ಕರದ್ರಿ, ಅಣ್ಣಾರ,” ಎಂದಳು ವಂದನಾ. ಕೆಲವು ದಿನ ಬಿಟ್ಟು, ಯಕ್ಷಿತಾಳನ್ನು ಕೇಳಿಯೇ, ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು.

ಔಷಧದ ಮೊದಲ ಸುತ್ತು ಮುಗಿದ ಮೇಲೆ ಮಜ್ಜೆ ಪರೀಕ್ಷೆಯಾಯಿತು. ಡಾಕ್ಟರ್ ಕರೆದರು. ಕ್ಯಾನ್ಸರ್ ಕಣ ಎಲ್ಲೂ ಕಾಣಲಿಲ್ಲ. ಮೋಹಿನಿಯ ಮಜ್ಜೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ಅವಳಿಗೆ ಇನ್ನೊಂದು ಸುತ್ತು ಬೇಕಿತ್ತು. ಹಾಗೆಂದು ಒಂದೇ ಔಷಧ ಮೇಲು ಎನ್ನುವಂತಿಲ್ಲ, ಇಬ್ಬರಿಂದ ಏನೂ ತಿಳಿಯುವುದಿಲ್ಲ, ನೂರಾರು ಮಕ್ಕಳು ಬೇಕು ಎಂದರು ಡಾಕ್ಟರ್. ಯಕ್ಷಿತಾಳಿಗೂ ಹಾದಿ ಮುಗಿದಿರಲಿಲ್ಲ. ಮುಂದೆ ಬೇರೊಬ್ಬರ ಮಜ್ಜೆಯನ್ನು ಕೂಡಿಸುವ ಕಸಿ ಇತ್ತು.

ಮೋನಪ್ಪ ಗ್ಯಾರಂಟಿ ಕೇಳಲಿಲ್ಲ. “ಈಗ ಮುಂದೆ ಎಂತ, ಎಲ್ಲ ಹೇಳಿ ಡಾಕ್ಟ್ರೇ. ಮೊದಲು ಅವಳಿಗೆ ಹೇಳಿ,” ಎಂದು ತನ್ನ ಕುರ್ಚಿಯನ್ನು ಮಗಳಿಗೆ ಬಿಟ್ಟುಕೊಟ್ಟ.

ಓದುವ, ಕೇಳುವ ಅಣ್ಣ ಅಕ್ಕಂದಿರೇ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಒಂದು ಮಗುವಿಗೆ ರಕ್ತದ ಕ್ಯಾನ್ಸರ್ ಮರಳಿ ಬಂದಿದ್ದರೆ ಆಸೆ ಬಿಡಬೇಡಿ, ಹೊತ್ತನ್ನೂ ಕಳೆಯಬೇಡಿ. ನಮಗೆ ಸೇರಬಹುದಾದ ಅಧ್ಯಯನ ಏನಾದರೂ ಇದೆಯೇ ಎಂದು ಡಾಕ್ಟರನ್ನು ಕೇಳಿ. ಅದಕ್ಕೆ ರೋಗಿಗಳ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ, ಸೇರದಿದ್ದರೆ ಬೇರೆ ದಾರಿ ಏನು, ಎಲ್ಲವನ್ನೂ ನಿಮಗೆ ತಿಳಿಯುವ ಭಾಷೆಯಲ್ಲೇ ಹೇಳಿಸಿಕೊಳ್ಳಿ. ಒಪ್ಪುವುದೂ ಬಿಡುವುದೂ ನಿಮ್ಮ ಹಕ್ಕು. ಗ್ಯಾರಂಟಿ ಮಾರುವವರಿಂದ ದೂರವಿರಿ.

ಮತ್ತೆ, ದೊಡ್ಡವರೆಲ್ಲ ಮಾತಾಡಿ ಮುಗಿದ ಮೇಲೆ ಒಂದು ಗಳಿಗೆ ಸುಮ್ಮನಾಗಿ. ಹಾಸಿಗೆಯಲ್ಲಿರುವ ಮಗುವಿಗೂ ಹೇಳಲು ಏನೋ ಇರುತ್ತದೆ.