ಮಾರ್ಲೀನ್ ಕೇಳಿಸಿಕೊಂಡ ಬಾವಿಯ ವಿಚಾರ

೧
ನ್ಯಾಯಾಧೀಶರೂ ಪಕ್ಷದ ಹೆಸರಿನಲ್ಲಿ ಮತ ಬೇಡುವ ಊರಿನ ಕಥೆಯನ್ನು ಎಲ್ಲಿಂದ ಆರಂಭಿಸಬೇಕು? ಮೊದಲ ಕರಡಿನ ತುಂಬ ಆ ಪದ್ಧತಿಯನ್ನೇ ಬೈದಿದ್ದೆ. ಹರಿದೆ. (ಓದುಗರೇ, ಬೈಗುಳ ನ್ಯಾಯವಾಗಿತ್ತು, ಕಥೆಯಾಗಿರಲಿಲ್ಲ.) ಆದ್ದರಿಂದ ಮೀನಿನಿಂದ ಆರಂಭಿಸುತ್ತೇನೆ.

೨
ಇಂಡಿಯಾನಾದ ನಮ್ಮ ಕೌಂಟಿಯಲ್ಲಿ, ಚುನಾವಣೆಗೆ ಮುಂಚಿನ ಶುಕ್ರವಾರ, ಅಗ್ನಿಶಾಮಕ ಠಾಣೆಯೊಳಗೆ ಪಕ್ಷದವರ ಮೀನೂಟ. ನ್ಯಾಯಾಧೀಶರ ಹುದ್ದೆಗೆ ಸ್ಪರ್ಧಿಸಿದ್ದ ವಕೀಲೆ ಮಾರ್ಲೀನ್ ಹಾಸ್ಟೆಟ್ಲರ್ ತಟ್ಟೆ ಹಿಡಿದು ಸಾಲಿನಲ್ಲಿದ್ದಳು. ಹಿಂದಿದ್ದ ರೈತ ವರ್ನ್ ಕ್ರೈಡರ್ ಆಗಲೇ ಶುರುಮಾಡಿದ್ದ.

"ನೋಡು ತಾಯಿ, ಆ ಕಲ್ಲು ಕ್ವಾರಿಯವ್ರು ಸಿಡಿಮದ್ದು ಹಾಕಿದ್ ದಿನದಿಂದ ನಮ್ ಬಾವಿ ನೀರೆಲ್ಲ ಕೆಸರು. ನೀನು ಗೆದ್ರೆ ಜನವರೀಲಿ ನಾವು ಹಾಕಿರೋ ಕೇಸು ನಿನ್ ಮುಂದೇನೇ ಬರುತ್ತಲ್ಲ..."

"ವರ್ನ್, ಸಾಕು. ಕೇಸಿನ ಮಾತು ಬೇಡ."

"ಇರು ಮತ್ತೆ. ಹೇಳಿದ್ದಕ್ಕಿಂತ ಆಳ ಕೊರೆದ್ವಿ ಅಂತ ಅವ್ರ ಮೇಸ್ತ್ರೀನೇ ನನ್ ಹತ್ರ ಒಪ್ಕೊಂಡಿದಾನೆ."

ಮಾರ್ಲೀನ್ ಮೀನೆತ್ತುವ ಇಕ್ಕಳ ಕೆಳಗಿಟ್ಟಳು. ವಿವಾದದ ತಿರುಳನ್ನು ಕೋರ್ಟಿನ ಹೊರಗೆ ಒಂದು ಕಡೆಯವರ ಬಾಯಿಂದಲೇ ಕೇಳಿಸಿಕೊಂಡವಳು ಆ ಕೇಸಿನಲ್ಲಿ ತೀರ್ಪು ಕೊಡುವಂತಿಲ್ಲ. ವರ್ನ್ ಪ್ರೀತಿಯಿಂದಲೇ ತನ್ನ ಜಡ್ಜನ್ನು ಕಳೆದುಕೊಂಡಿದ್ದ.

೩
(ಅವಳು ಸುಮ್ಮನೆ ಮೀನು ತಿಂದು ಮನೆಗೆ ಹೋಗಲಿ ಎಂದು ನಾನು ಬರೆದೆ. ಕೇಳಿಸಿಕೊಂಡವರಾರು? ಆ ಕೇಸು ಇನ್ನು ತನಗೆ ಸಲ್ಲದೆಂದು ಈಗಲೇ ಸಭೆಗೆ ಹೇಳುತ್ತೇನೆ ಎಂದಳು. ನನ್ನ ದುರ್ಬುದ್ಧಿಯನ್ನೇ ಪಕ್ಷದ ಅಧ್ಯಕ್ಷ ಡಾರೆಲ್ ಬಾಯಿಬಿಟ್ಟು ಹೇಳಿದ.)

"ಈ ಕಡೆ ಜನ ನಿಂಗೆ ವೋಟು ಹಾಕೋದೇ ಕ್ವಾರಿ ಕೇಸಿಗೋಸ್ಕರ. ಮಂಗಳವಾರ ವೋಟು ಮುಗೀಲಿ, ಆಮೇಲೆ ಹೇಳ್ಕೋ."

"ಆಮೇಲೆ ಹೇಳಿದ್ರೆ ಮೋಸ ಆಗುತ್ತೆ, ಡಾರೆಲ್."

"ಸೋಲ್ತೀಯ."

"ಸೋಲ್ಬಹುದು. ಆ ಎಲೆಕೋಸಿನ ಕೋಸಂಬರಿ ಈ ಕಡೆ ಕೊಡು."

೪
'ನಡುಗುವ ದನಿಯಲ್ಲಿ ಅವಳು ವೇದಿಕೆ ಏರಿದಳು' ಎಂದು ಬರೆದೆ.

"ನನ್ ದನಿ ಯಾವಾಗ ನಡುಗ್ತು? ಕಥೆ ಬರೆಯೋ ಮೇಷ್ಟ್ರೇ, ಕಣ್ಣೀರು ಬೆರೆಸ್ಬೇಡಿ," ಎಂದಳು ನನಗೆ. ಆ ಸಾಲು ಹೊಡೆದುಹಾಕಿದೆ. ಆಮೇಲೆ ಅವಳು ಸಭೆಗೆ ಹೇಳಿದ್ದು ಇಷ್ಟೇ:

"ಕ್ವಾರಿ ಕೇಸಿನ ಬಗ್ಗೆ ಕೇಳಬಾರದ್ದು ಇವತ್ತು ನನ್ ಕಿವಿಗೆ ಬಿದ್ದಿದೆ. ನಾನು ಗೆದ್ರೂ ಆ ಕೇಸಿಗೆ ಬೇರೆ ಜಡ್ಜ್ ಬರ್ತಾರೆ. ಅದಕ್ಕೇ ಅಂತ ಬಂದೋರು ನಂಗೆ ವೋಟು ಹಾಕ್ಬೇಡಿ."

ಯಾರ ಹೆಸರನ್ನೂ ಅವಳು ಎತ್ತಲಿಲ್ಲ. ವರ್ನ್ ತಾನೇ ಎದ್ದು ನಿಂತ. "ಬಾಯ್ಬಿಟ್ಟಿದ್ದು ನಾನೇ ಕಣ್ರಪ್ಪ."

"ಮೀನಿನ ಜೊತೆ ನಮ್ ಜಡ್ಜನ್ನೂ ತಿಂದ್ಹಾಕ್ದೆ ಬಿಡು," ಎಂದರು ಯಾರೋ. ಕೆಲವರು ಕೋಟು ಎತ್ತಿಕೊಂಡು ಹೊರಟೇಹೋದರು.

೫
ಅವಳನ್ನು ಗೆಲ್ಲಿಸಲೇ? ಪ್ರಾಮಾಣಿಕತೆಗೆ ನಾನೇ ಲಂಚ ಕೊಟ್ಟಂತಾಗುತ್ತದೆ. ಸೋಲಿಸಲೇ? ಡಾರೆಲ್‌ನ ಮಾತು ನಿಜವಾಗುತ್ತದೆ. ಎರಡೂ ಕರಡುಗಳು ಮೇಜಿನ ಮೇಲಿವೆ, ಎರಡನ್ನೂ ತೋರಿಸುವುದಿಲ್ಲ. ಅವಳು ವೇದಿಕೆ ಏರಿದ್ದು ಫಲಿತಾಂಶವನ್ನು ಕೇಳಿಕೊಂಡಲ್ಲ.

ಪಾರ್ಕಿಂಗ್ ಜಾಗದಲ್ಲಿ ವರ್ನ್ ಅವಳ ಕಾರಿಗೆ ಅಡ್ಡ ನಿಂತ.

"ನನ್ ಕೇಸು ನೀನು ಕೇಳಲ್ಲ. ಹಂಗಾದ್ರೆ ನಾನ್ಯಾಕೆ ನಿಂಗೆ ವೋಟು ಹಾಕ್ಲಿ?"

"ಯೋಚ್ನೆ ಮಾಡು," ಎಂದಳು ಮಾರ್ಲೀನ್.

ವರ್ನ್ ಟೋಪಿ ತೆಗೆದು ಯೋಚಿಸುತ್ತ ನಿಂತಿದ್ದಾನೆ. ಅವಳು ಹಾರ್ನ್ ಹೊಡೆಯಲಿಲ್ಲ. ನಾನೂ ಅವನನ್ನು ಅವಸರಪಡಿಸುವುದಿಲ್ಲ.